ನೀಲಗಿರಿ ಮರದಡಿಯ ಮಣ್ಣು

ಈ ನವರಾತ್ರಿಯ ನಾಲ್ಕನೆಯ ದಿನ ನಮ್ಮ ಖರಾಡಿಯ ಫ್ಲ್ಯಾಟಿನಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎಲ್ಲರೂ ನೋಡುತ್ತಿದ್ದದ್ದು ಮಣ್ಣನ್ನು.

ಘಟದ ಸುತ್ತ ಬಿತ್ತಿದ ಗೋಧಿ ಮೊಳೆತಿರಲಿಲ್ಲ. ನಿಮಗೆ ಗೊತ್ತಲ್ಲ, ದೇವಿಯ ಮುಂದೆ ಕಲಶ ಇಟ್ಟು, ಸುತ್ತ ಮಣ್ಣು ಹರಡಿ ಕಾಳು ಹಾಕುತ್ತೇವೆ. ಸಸಿ ಎತ್ತರ ಬಂದರೆ ಮನೆಗೆ ಒಳ್ಳೆಯದು. ಬಾರದಿದ್ದರೆ? ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. (ನಮ್ಮ ಅವ್ವನನ್ನು ಬಿಟ್ಟು.)

"ಬೋರ್ಡ್ ಈಗ ಹಾಕಬ್ಯಾಡವಾ ಶೋಭಾ," ಎಂದಳು ಅವ್ವ. "ದೇವಿ ಏನೋ ಹೇಳಾಕತ್ತಾಳ. ಮುಂದಿನ ವರ್ಷ ನೋಡೋಣ."

ಬೋರ್ಡ್ ಎಂದರೆ ನನ್ನ ಹೆಂಡತಿ ಶೋಭಾಳ ಫಿಸಿಯೋಥೆರಪಿ ಕ್ಲಿನಿಕ್ಕಿನದು. ಆಸ್ಪತ್ರೆಯ ನೌಕರಿ ಬಿಟ್ಟು, ದಸರೆಯ ದಿನ ಸ್ವಂತದ್ದು ತೆರೆಯಲು ಹೊರಟವಳು. ಅವಳು ನನ್ನ ಕಡೆ ನೋಡಿದಳು. ನಾನು 'ಹೂಂ' ಎನ್ನಲಿಲ್ಲ, 'ಉಹೂಂ' ಅಂತಲೂ ಎನ್ನಲಿಲ್ಲ. ಅವಳು ಬೋರ್ಡನ್ನು ಗೋಡೆಯ ಕಡೆ ತಿರುಗಿಸಿಟ್ಟಳು.

ಆಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮಣ್ಣು ತಂದವನು ನಾನೇ ಅಲ್ಲವೇ? ಫ್ಲ್ಯಾಟಿನವರಿಗೆ ಹೊಲದ ಮಣ್ಣು ಎಲ್ಲಿಂದ ಬರಬೇಕು? ಸೊಸೈಟಿಯ ಮೂಲೆಯಲ್ಲಿರುವ ನೀಲಗಿರಿ ಮರದಡಿ ಕೆರೆದು, ಕ್ಯಾರಿಬ್ಯಾಗಿನಲ್ಲಿ ತುಂಬಿಕೊಂಡು ಬಂದಿದ್ದೆ. ಕೆಳಗಿಳಿದು ನೋಡಿದೆ. ಮಳೆಗಾಲ ಈಗಷ್ಟೇ ಮುಗಿದು ಕಾಂಪೌಂಡ್ ತುಂಬ ಹುಲ್ಲು. ಆ ಮರದ ಕೆಳಗೆ ಮಾತ್ರ ಒಂದು ಎಸಳೂ ಇಲ್ಲ.

ಅಲ್ಲೇ ನಿಂತು ಮೊಬೈಲಿನಲ್ಲಿ ಹುಡುಕಿದೆ. ನೀಲಗಿರಿಯ ಎಲೆ ಉದುರಿ ಕೊಳೆತಾಗ ಅದರ ರಾಸಾಯನಿಕಗಳು ಮಣ್ಣಿಗಿಳಿಯುತ್ತವಂತೆ. ಬೇರೆ ಬೀಜ ಮೊಳೆಯದಂತೆ, ಮೊಳೆತರೂ ಬೇರು ಬಿಡದಂತೆ ತಡೆಯುತ್ತವಂತೆ. ಗದ್ದಲವಿಲ್ಲ, ಜಗಳವಿಲ್ಲ. ತಣ್ಣಗೆ ನಿಂತುಕೊಂಡೇ ಕೆಲಸ ಮುಗಿಸುವ ಮರ!

ಬಾಲ್ಕನಿಯ ಕುಂಡದಿಂದ ಒಂದಿಷ್ಟು ಮಣ್ಣು ತೆಗೆದು ಚಹಾ ಕಪ್ಪಿಗೆ ಹಾಕಿದೆ. ಅದೇ ಡಬ್ಬಿಯ ಗೋಧಿ ಬಿತ್ತಿದೆ. ಆಫೀಸಿಗೆ ಹೋದರೂ ತಲೆಯೆಲ್ಲ ಕಪ್ಪಿನಲ್ಲೇ. (ಮೀಟಿಂಗಿನಲ್ಲಿ ಏನು ನಡೆಯಿತೋ ದೇವರಿಗೇ ಗೊತ್ತು.) ದಸರೆಗೆ ಮೊದಲೇ ಮೊಳಕೆ ಬಂತು.

ಕಪ್ಪನ್ನು ಅವ್ವನ ಮುಂದಿಟ್ಟು ಎಲ್ಲ ಹೇಳಿದೆ. ಅವಳು ಕನ್ನಡಕ ಏರಿಸಿ ನೋಡಿದಳು.

"ಹಂಗಾರ ದೇವಿದೇನೂ ಇಲ್ಲ. ಮಣ್ಣ ತಂದಾಂವ ನೀನ. ಹಾಕ್ಲಿ ಬಿಡು ಬೋರ್ಡ್."

ಗೆದ್ದೆ ಎಂದುಕೊಂಡು ಶೋಭಾಳ ಕಡೆ ತಿರುಗಿದೆ. ಅವಳು ಬೋರ್ಡಿನ ಧೂಳು ಒರೆಸುತ್ತಿದ್ದಳು. ನಗಲಿಲ್ಲ.

"ಒಂದ್ ಕೇಳ್ತೀನ್ರಿ," ಎಂದಳು. "ಕಪ್ಪಿನ್ಯಾಗೂ ಮೊಳಕಿ ಬರದಿದ್ರ ನೀವ್ ಏನ್ ಅಂತಿದ್ರಿ?"