ಮೀನಿನ ಚರ್ಮ ಮತ್ತು ಪೇಪರ್ ಕಪ್

ವಡ್ಡು ಎಂಬ ಹಳ್ಳಿಯಿಂದ ಹೊಸಪೇಟೆಯ ನಮ್ಮ ಮನೆಗೆ ದಿನ ಬಿಟ್ಟು ದಿನ ಬರುತ್ತಿದ್ದ ನರ್ಸ್ ನೆಲಕ್ಕೆ ಕೂತು, ವರ್ಷವಾದರೂ ಮಾಯದ ಹುಣ್ಣಿನ ನನ್ನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. "ನೋವಾದ್ರ ಹೇಳ್ರಿ ಅಮ್ಮಾ," ಅನ್ನುತ್ತಿದ್ದಳು. ವಾಸನೆಗೆ ನಾನೇ ಕರ್ಚೀಫ್ ಹಿಡಿಯುತ್ತಿದ್ದೆ. ಆಕೆ ಒಮ್ಮೆಯೂ ಮುಖ ತಿರುಗಿಸಲಿಲ್ಲ.

ಒಂದು ದಿನ ಡಾಕ್ಟರ್ ಬರೆದ ಹೊಸ ಡ್ರೆಸ್ಸಿಂಗ್ ತಂದಳು. ಹಪ್ಪಳದಷ್ಟು ತೆಳ್ಳಗಿತ್ತು. ಯಾವುದರಿಂದ ಮಾಡಿದ್ದು ಎಂದು ಕೇಳಿದೆ.

"ಮೀನಿನ ಚರ್ಮದ್ದರಿ. ಗಾಯ ಜಲ್ದಿ ತುಂಬ್ತೈತಿ. ನಿಮ್ಮ ಮನ್ಯಾಗ ನಡೀತೈತೇನ್ರಿ?"

ಲಿಂಗಪೂಜೆಯ ಮನೆ ನಮ್ಮದು, ಮೊಟ್ಟೆ ಕೂಡ ಒಳಗೆ ಬಂದದ್ದಿಲ್ಲ. "ಹಾಕವ್ವಾ. ಸೊಸಿಗೆ ಮಾತ್ರ ಹೇಳಬ್ಯಾಡ, ಪ್ಲೀಸ್," ಎಂದೆ.

"ಹೇಳಂಗಿಲ್ಲ ಬಿಡ್ರಿ," ಎಂದು ನಕ್ಕಳು.

ಆಮೇಲೆ ಎಂದಿನಂತೆ ಕಾಫಿಯಾಯಿತು. ನನಗೆ ಸ್ಟೀಲ್ ಲೋಟ, ಆಕೆಗೆ ಪೇಪರ್ ಕಪ್. ಆಕೆಯ ಕೇರಿ ಯಾವುದೆಂದು ವಿಚಾರಿಸಿದ ಮರುದಿನವೇ ಆ ಕಪ್ಪುಗಳನ್ನು ತರಿಸಿದ್ದೆ. ಹೈಜೀನ್ ಅಂತ ಕಾನ್ವೆಂಟಿನಲ್ಲಿ ಕಲಿತ ಪದವೊಂದನ್ನು ಅದಕ್ಕೆ ಹೊದಿಸಿದ್ದೆ. ಅಂದು ಆಕೆ ಕಪ್ಪನ್ನೊಮ್ಮೆ, ನನ್ನ ಕಾಲನ್ನೊಮ್ಮೆ ನೋಡಿದಳು. ಕುಡಿದು, ಕಪ್ಪನ್ನು ಹಿಚುಕಿ, ನನ್ನ ಕೀವಿನ ಬಟ್ಟೆಗಳಿದ್ದ ಚೀಲಕ್ಕೇ ಹಾಕಿ ಒಯ್ದಳು.

ಹುಣ್ಣು ಮಾಯಿತು. ಮೀನಿನ ವಿಷಯ ಸೊಸೆಗೆ ಇಂದಿಗೂ ಗೊತ್ತಿಲ್ಲ. ಉಳಿದ ಕಪ್ಪುಗಳು ಅಡುಗೆಮನೆಯಲ್ಲಿ ಹಾಗೇ ಇವೆ. ಅವನ್ನು ಬೇರೆ ಯಾರಿಗಾಗಿಯೂ ತರಿಸಿರಲಿಲ್ಲ.