ಬಂಡೆಯ ಮೇಲೆ ಬರೆದ ತಮ್ಮ

ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ, ಮನೆಯೊಳಗೆ ಇಲಿ ಸತ್ತು ಬಿದ್ದರೆ ಜನ ಊರನ್ನೇ ಬಿಟ್ಟು ಹೊರಡುತ್ತಿದ್ದರು. ಇಲಿಯ ಹಿಂದೆಯೇ ಪ್ಲೇಗು ಬರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಮೊದಲು ಚಳಿಜ್ವರ, ಆಮೇಲೆ ಕಂಕುಳಲ್ಲೋ ತೊಡೆಯ ಸಂದಿಯಲ್ಲೋ ಗಡ್ಡೆ. ಗಡ್ಡೆ ಎದ್ದವರು ಉಳಿಯುವುದು ಅಪರೂಪ. ಆಗಿನ್ನೂ ನಮ್ಮ ಕಡೆ ಮದ್ರಾಸಿನ ಸರ್ಕಾರ. ಹೊಸಪೇಟೆಯಲ್ಲಿ ಅಪ್ಪನದೊಂದು ಬೆಲ್ಲದ ಅಂಗಡಿ ಇತ್ತು. ಆ ಚಳಿಗಾಲ ನಮ್ಮ ಓಣಿಯಲ್ಲಿ ಇಲಿ ಬಿದ್ದಾಗ ಅಪ್ಪ ಅಂಗಡಿಗೆ ಬೀಗ ಹಾಕಿ, ಪಾತ್ರೆ, ಕೌದಿಗಳನ್ನು ಬಂಡಿಗೆ ಹೇರಿ, ಅವ್ವ, ಅಕ್ಕ, ನಾನು, ತಮ್ಮ ಎಲ್ಲರನ್ನೂ ಹಂಪಿಯ ದಾರಿಯಲ್ಲಿ ಗುಡ್ಡದ ಬುಡದ ಬಯಲಿಗೆ ಕರೆದುಕೊಂಡು ಹೋದ.

ಅಲ್ಲಿ ಊರಿನವರ ಗುಡಿಸಲುಗಳು ಆಗಲೇ ಎದ್ದಿದ್ದವು. ಮೇಲೆ ಕಬ್ಬಿನ ಸೋಗೆ, ಸುತ್ತ ಜೋಳದ ದಂಟಿನ ತಡಿಕೆ. ನಮ್ಮದು ಆನೆ ಗಾತ್ರದ ಒಂದು ಬಂಡೆಯ ಪಕ್ಕದಲ್ಲಿತ್ತು. ಹಗಲೆಲ್ಲ ಕಾದ ಬಂಡೆ ದೀಪ ಹಚ್ಚುವ ಹೊತ್ತಿಗೂ ಬೆಚ್ಚಗಿರುತ್ತಿತ್ತು. ನಾನೂ ತಮ್ಮನೂ ಅದಕ್ಕೆ ಬೆನ್ನು ಹಚ್ಚಿ ಕೂರುತ್ತಿದ್ದೆವು. ಅವನಿಗಿನ್ನೂ ನಾಲ್ಕು ತುಂಬಿರಲಿಲ್ಲ.

ಬಿಡಾರಕ್ಕೆ ಬಂದ ಮೇಲೇ ಅವನಿಗೆ ಜ್ವರ ಬಂತು. ರೋಗಿಗಳಿಗೆಂದು ದೂರದಲ್ಲಿ ಒಂದು ತಗಡಿನ ಶೆಡ್ಡು ಹಾಕಿದ್ದರು. ಅಪ್ಪ ಅವನನ್ನು ಕೌದಿಯಲ್ಲಿ ಸುತ್ತಿ ಎತ್ತಿಕೊಂಡು ಹೋದ. ಹಿಂದೆ ಓಡಿದ ಅವ್ವನನ್ನು ಹೆಂಗಸರು ಹಿಡಿದು ನಿಲ್ಲಿಸಿದರು. ಎರಡು ದಿನದ ಮೇಲೆ ಅಪ್ಪ ಒಬ್ಬನೇ ತಿರುಗಿ ಬಂದ. ಅವನ ಉಗುರುಗಳಲ್ಲಿ ಮಣ್ಣು ತುಂಬಿತ್ತು. ತಮ್ಮನನ್ನು ಮಣ್ಣು ಮಾಡಿ ಬಂದಿದ್ದ. ಮಗನ ಮುಖವನ್ನು ಕೊನೆಯ ಸಲ ನೋಡಲು ಅವ್ವನಿಗೆ ಆಗಲೇ ಇಲ್ಲ.

ಅಂದಿನಿಂದ ಅವ್ವ ಮಾತು ಬಿಟ್ಟಳು. ಗುಡಿಸಲಿನ ಮೂಲೆಯಲ್ಲಿ ಮೊಣಕಾಲಿಗೆ ಗಲ್ಲ ಊರಿ ಕೂತುಬಿಡುತ್ತಿದ್ದಳು. ಅಕ್ಕ ಕೈಗೆ ರೊಟ್ಟಿ ಕೊಟ್ಟರೆ ಹಿಡಿದುಕೊಂಡೇ ಇರುತ್ತಿದ್ದಳು, ಅದು ಒಣಗಿ ಮುರಿಯುವವರೆಗೆ. ಅಪ್ಪನೂ ಮಾತಾಡುತ್ತಿರಲಿಲ್ಲ. ಬೆಳಿಗ್ಗೆ ಎತ್ತುಗಳನ್ನು ಹೊಡೆದುಕೊಂಡು ಹೊರಗೆ ಹೋದವನು ಬಿಸಿಲೇರಿದ ಮೇಲೆ ಬರುತ್ತಿದ್ದ. ನಮ್ಮನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಎದ್ದಾಗ ನನಗೆ ಭಯವಾಯಿತು. ತಮ್ಮನನ್ನು ನೆನೆಸಿಕೊಂಡರೆ ಅವನ ಕೆಂಪು ಅಂಗಿ ಕಾಣುತ್ತಿತ್ತು, ನಗು ಕೇಳುತ್ತಿತ್ತು, ಮುಖ ಮಾತ್ರ ಕಾಣುತ್ತಿರಲಿಲ್ಲ. ಅಕ್ಕ ಹೊರಗೆ ಒಲೆ ಊದುತ್ತಿದ್ದಳು. ಹೋಗಿ ಅವಳ ಪಕ್ಕ ಕೂತೆ.

"ಅಕ್ಕಾ, ತಮ್ಮನ ಮುಖ ನೆಪ್ಪಿಗೆ ಬರವಲ್ದು," ಅಂದೆ.

ಅಕ್ಕ ಊದುವುದನ್ನು ನಿಲ್ಲಿಸಿದಳು. ಹೊಗೆಯಲ್ಲಿ ಅವಳ ಕಣ್ಣು ಕೆಂಪಾಗಿದ್ದವು. "ನನಗೂ ಹಂಗ ಆಗೈತಿ," ಅಂದಳು. "ಕಣ್ಣಷ್ಟ ಕಾಣ್ತಾವ."

ಒಲೆಯಿಂದ ಒಂದು ಇದ್ದಿಲನ್ನು ಎಳೆದು, ನೀರು ಚಿಮುಕಿಸಿ ಆರಿಸಿ, ಬಂಡೆಯ ಹತ್ತಿರ ಹೋದಳು. ಅಕ್ಕನಿಗೆ ಆಗ ಹನ್ನೆರಡು ವರ್ಷವಿರಬೇಕು. ಹಬ್ಬ ಬಂತೆಂದರೆ ನಮ್ಮ ಮನೆಯ ಗೋಡೆಗೆ ಸುಣ್ಣ, ಕೆಮ್ಮಣ್ಣಿನಿಂದ ಗಿಳಿ, ಬಳ್ಳಿ ಬರೆಯುತ್ತಿದ್ದವಳು ಅವಳೇ. ಮನುಷ್ಯರ ಮುಖವನ್ನು ಅವಳು ಯಾವತ್ತೂ ಬರೆದಿರಲಿಲ್ಲ.

ಮೊದಲು ಕಣ್ಣು ಬರೆದಳು. ಒರಟು ಕಲ್ಲಿನ ಮೇಲೆ ಇದ್ದಿಲು ಕರಕರ ಎಂದು ಪುಡಿಯಾಗಿ ಉದುರುತ್ತಿತ್ತು. ಮೂಗು ತಪ್ಪಿತು. ಅಂಗೈಯಿಂದ ಒರೆಸಿ ಮತ್ತೆ ಬರೆದಳು. ಗಲ್ಲ ಬಂತು, ಹಣೆಯ ಮೇಲಿನ ಕೂದಲು ಬಂತು. ಕೆಮ್ಮಣ್ಣನ್ನು ನೀರಲ್ಲಿ ಕಲಸಿ ಅಂಗಿಗೆ ಬಳಿದಳು. ಬರೆಯುತ್ತ ಅಳುತ್ತಿದ್ದಳು. ಕಣ್ಣೊರೆಸಿಕೊಂಡು ಮುಖವೆಲ್ಲ ಕಪ್ಪಾಗಿತ್ತು. ಆಮೇಲೆ ಒಂದು ಚೂರು ಇದ್ದಿಲನ್ನು ನನಗೆ ಕೊಟ್ಟು, "ಕೈ ನೀ ಬರಿ," ಅಂದಳು.

ತಮ್ಮನ ಬಲಗೈ ಯಾವಾಗಲೂ ಮುಷ್ಟಿ ಹಿಡಿದೇ ಇರುತ್ತಿತ್ತು. ಒಳಗೆ ಅಪ್ಪನ ಅಂಗಡಿಯ ಬೆಲ್ಲದ ಚೂರು. ನಾನು ಆ ಮುಷ್ಟಿಯನ್ನು ಬರೆದೆ. ಅವನು ಸತ್ತ ಮೇಲೆ ಅಲ್ಲಿಯವರೆಗೆ ನಾನು ಅತ್ತಿರಲಿಲ್ಲ. ಒಂದೊಂದು ಬೆರಳು ಬರೆಯುತ್ತಿದ್ದಂತೆ ಅಳು ಬಂತು. ಅಳುತ್ತಲೇ ಐದೂ ಬೆರಳು ಬರೆದು ಮುಗಿಸಿದೆ.

ಪಕ್ಕದ ಗುಡಿಸಲಿನ ಅಜ್ಜಿ ನೀರಿನ ಕೊಡ ಹೊತ್ತು ಬಂದವಳು ನೋಡಿ ನಿಂತಳು. ಆ ಬಿಡಾರದಲ್ಲೇ ಅವಳ ದೊಡ್ಡ ಮಗ ತೀರಿಕೊಂಡಿದ್ದ.

"ಸತ್ತ ಕೂಸಿಂದು ಬರೀತಾರೇನ ಹುಡುಗಿ?" ಅಂದಳು. "ಜೀವ ಇಲ್ಲೇ ಸುತ್ತಾಡ್ತೈತಿ. ಒರಸು ಮೊದ್ಲ."

ಅಷ್ಟರಲ್ಲಿ ಅಪ್ಪ ಬಂದ. ಚಿತ್ರ ಕಂಡದ್ದೇ ಅವನ ಮುಖ ಬಿಗಿಯಿತು. ಹೆಗಲ ಮೇಲಿನ ವಲ್ಲಿಯನ್ನು ಒಲೆಯ ಪಕ್ಕದ ಕೊಡದಲ್ಲಿ ಅದ್ದಿ ಬಂಡೆಯ ಕಡೆ ನಡೆದ. ಅಕ್ಕ ಹೆದರಿ ಪಕ್ಕಕ್ಕೆ ಸರಿದಳು.

"ಒರಸಬ್ಯಾಡ್ರಿ."

ಗುಡಿಸಲಿನ ಬಾಗಿಲಲ್ಲಿ ಅವ್ವ ನಿಂತಿದ್ದಳು. ಎಷ್ಟೋ ದಿನ ಬಳಸದ ದನಿ ಒಡೆದಿತ್ತು. ತಡಿಕೆ ಹಿಡಿದು, ಬಂಡೆ ಹಿಡಿದು, ಹತ್ತಿರ ಬಂದು ಚಿತ್ರವನ್ನು ನೋಡಿದಳು.

"ಕಿವಿ ಹಿಂಗಿರಲಿಲ್ಲ ಅವಂದು," ಅಂದಳು. "ಎಡಕಿನದು ಮಡಚಿತ್ತು. ಆ ಮಗ್ಗಲಾಗ ಮಲಗತಿದ್ದ."

ಅಕ್ಕನ ಕೈಯಿಂದ ಇದ್ದಿಲು ತೆಗೆದುಕೊಂಡು ಆ ಕಿವಿಯನ್ನು ತಾನೇ ತಿದ್ದಿದಳು. ಗೆರೆ ಸೊಟ್ಟಗಾಯಿತು. ತಿದ್ದಿದ ಮೇಲೆ ಆ ಕಿವಿಗೆ ಹಣೆ ಒತ್ತಿ ಜೋರಾಗಿ ಅತ್ತಳು. ಅಪ್ಪ ಒದ್ದೆ ವಲ್ಲಿ ಹಿಡಿದುಕೊಂಡೇ ನೆಲದ ಮೇಲೆ ಕೂತ. ಆಮೇಲೆ, "ಕಾಲು ಒಳಗ ತಿರುಗಿತ್ತು, ಬಲಗಾಲು," ಅಂದ. ಅಕ್ಕ ಕಾಲನ್ನು ಹಾಗೇ ಬರೆದಳು. ಆ ಮಧ್ಯಾಹ್ನ ನಾವು ನಾಲ್ವರೂ ಬಂಡೆಯ ನೆರಳಲ್ಲಿ ಕೂತು ಅವನ ಬಗ್ಗೆ ಮಾತಾಡಿದೆವು. ಅವ್ವ ಅರ್ಧ ರೊಟ್ಟಿ ತಿಂದಳು.

ಮರುದಿನ ಪಕ್ಕದ ಅಜ್ಜಿ ಬಂದಳು. ಚಿತ್ರದ ಹತ್ತಿರ ಹೋಗಿ ನೋಡಿದಳು. ಆಮೇಲೆ ಅಕ್ಕನಿಗೆ, "ನನ್ನ ಮಗಂದೂ ಒಂದು ಬರಿಯವ್ವ. ಮೀಸಿ ದೊಡ್ಡವಿದ್ವು," ಅಂದಳು. ಅವಳ ಹಿಂದೆ ಬೇರೆಯವರು ಬಂದರು. ನಾವು ಬಿಡಾರ ಬಿಟ್ಟು ಊರಿಗೆ ಹೊರಡುವಷ್ಟರಲ್ಲಿ ಬಂಡೆಯ ಮೇಲೆ ಕೈ ಎಟಕುವವರೆಗೂ ಸತ್ತವರೇ ಇದ್ದರು.

ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅವ್ವ ಮೊದಲಿನಂತೆ ಮತ್ತೆಂದೂ ನಗಲಿಲ್ಲ. ಆದರೆ ಮಾತಾಡಿದಳು, ಉಂಡಳು, ನನ್ನ ತಲೆ ಬಾಚಿದಳು. ಮಳೆಗಾಲ ಬಂದ ಮೇಲೆ ನಾನೂ ಅವಳೂ ಹೋಗಿ ನೋಡಿದೆವು. ಬಂಡೆ ತೊಳೆದಿಟ್ಟ ಹಾಗೆ ಇತ್ತು. ಅವ್ವ ಅದರ ಮೇಲೆ ಒಂದಿಷ್ಟು ಹೊತ್ತು ಕೈಯಿಟ್ಟು ನಿಂತಿದ್ದು, "ನಡಿ, ಹೋಗೂಣು," ಅಂದಳು.

ನಿಮ್ಮ ಕಾಲಕ್ಕೆ ಆ ರೋಗದ ಹೆಸರೂ ನಿಮಗೆ ಗೊತ್ತಿಲ್ಲ. ಇಲಿ ಸತ್ತರೆ ಮೂಗು ಮುಚ್ಚಿಕೊಂಡು ಆಚೆ ಎಸೆದುಬಿಡುತ್ತೀರಿ. ಬರೆಯಲು ನಿಮಗೆ ಬಿಳಿ ಹಾಳೆ ಇದೆ, ಡಬ್ಬಿ ತುಂಬ ಬಣ್ಣದ ಕಡ್ಡಿಗಳಿವೆ. ಹೋದ ವರ್ಷ ತೀರಿಕೊಂಡ ನಿಮ್ಮ ಅಜ್ಜಿಯ ಫೋಟೊಗಳಂತೂ ಎರಡು ಆಲ್ಬಮ್ ತುಂಬ ಇವೆ. ನಮ್ಮ ಹತ್ತಿರ ತಮ್ಮನದು ಒಂದೂ ಇರಲಿಲ್ಲ. ಆದರೂ ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ದಿನವೂ ಅಜ್ಜಿಯನ್ನು ಬರೆಯುತ್ತಾಳೆ. ಬರೆದು, ಅದರ ಮೇಲೆ ಕಪ್ಪು ಬಳಿದು, ಹಾಳೆ ಹರಿಯುವವರೆಗೆ ಉಜ್ಜುತ್ತಾಳೆ. ಅವಳ ಅಮ್ಮ ಹೆದರಿ, ಏನು ಮಾಡಲಿ ಎಂದು ನನ್ನನ್ನು ಕೇಳಿದಳು. "ಬರೀಲಿ ಬಿಡವ್ವ, ತಡೀಬ್ಯಾಡ," ಅಂದೆ. ನಿನ್ನೆ ಪೇಟೆಗೆ ಹೋಗಿ ಇನ್ನೊಂದು ಕಟ್ಟು ಹಾಳೆ ತಂದಿದ್ದೇನೆ. ಕಪ್ಪು ಕಡ್ಡಿ ಬೇಗ ಸವೆಯುತ್ತದೆ. ಅದನ್ನು ಬೇರೆಯಾಗಿ ಕೇಳಿ ತಂದೆ.