ಸೇತುವೆಯ ಮೇಲೆ ಕೂತ ಮಲ್‌ಸುನ್

ಕೊರಿಯಾದ ಗುನ್ಸಾನ್ ಊರಿನ ಮಾರುಕಟ್ಟೆಯಲ್ಲಿ ಪಲ್ಯ, ಕಿಮ್ಚಿ ಮಾರುವ ಪ್ಯೋ ಮಲ್‌ಸುನ್‌ಗೆ ಅರವತ್ತೊಂದು. ಗಂಡ ಮೀನಿನ ಹಡಗಿನಲ್ಲಿ ತಿಂಗಳುಗಟ್ಟಲೆ ಇರುತ್ತಿದ್ದ ಕಾಲದಲ್ಲಿ, ಒಂದೇ ಬೆರಳಲ್ಲಿ ಅಕ್ಷರ ಒತ್ತುತ್ತ ಆನ್‌ಲೈನ್ ಆಟಕ್ಕಿಳಿದವಳು ಇಪ್ಪತ್ತೆರಡು ವರ್ಷವಾದರೂ ಮೇಲೆ ಬಂದಿಲ್ಲ. ಆಟದಲ್ಲಿ ಅವಳು ವೈದ್ಯೆ. ಉಳಿದವರು ರಾಕ್ಷಸರನ್ನು ಕೊಚ್ಚಿ ಬಂದರೆ ಗಾಯ ಮಾಯಿಸುವುದು ಅವಳ ಕೆಲಸ. ಮಾಯಲು ಬೆಂಕಿಯ ಸುತ್ತ ಕೂರಲೇಬೇಕಿತ್ತು. ಕೂತ ಮೇಲೆ ಬಾಯಿ ಸುಮ್ಮನಿದ್ದೀತೇ? ಹಾಗೆ ಹರಟಿದ ಹನ್ನೆರಡು ಮಂದಿ ಪ್ರತಿ ನವೆಂಬರಿನಲ್ಲಿ ಅವಳ ಅಂಗಡಿಗೇ ಬಂದು, ಚಳಿಗಾಲದ ಕಿಮ್ಚಿಗೆ ಎಲೆಕೋಸು ಸೀಳಿ, ಉಪ್ಪು ಖಾರ ಸವರಿ, ಹಂದಿಮಾಂಸ ಬೇಯಿಸಿ ತಿಂದು, ಡಬ್ಬಿ ತುಂಬಿಸಿಕೊಂಡು ಹೋಗುವುದು ವಾಡಿಕೆಯಾಯಿತು.

ಆಮೇಲೆ ಆಟ ಮಾಡಿದವರು ಜಾಣತನ ತೋರಿಸಿದರು. ಗುಂಡಿ ಒತ್ತಿದರೆ ಸಾಕು, ಪರದೆಯ ಮೇಲೆ ಆಟಗಾರನ ಗೊಂಬೆ ತಾನೇ ಬೇಟೆಯಾಡುತ್ತದೆ, ತಾನೇ ಔಷಧಿ ಕುಡಿಯುತ್ತದೆ. ಆಡುವವರು ತಮ್ಮ ತಮ್ಮ ಕೆಲಸಕ್ಕೆ ಹೋದರು, ಗೊಂಬೆಗಳು ಉಳಿದವು. ಆಟವಂತೆ ಆಟ!

ಈ ಸಲ ನೂರು ಎಲೆಕೋಸು ತರಿಸಿ ಮಲ್‌ಸುನ್ ಆಟದೊಳಗೆ ಕೇಳಿದಳು: "ಶನಿವಾರ ಯಾರ್ಯಾರು ಬರ್ತೀರಪ್ಪಾ? ಸೊಂಟ ಬಿದ್ದೋಗಿದೆ, ಒಬ್ಳ ಕೈಲಾಗಲ್ಲ."

"ಶುಭ ಬೇಟೆ!" ಎಂದ ಕಲ್ಲುಕರಡಿ. ಅದು ಇಕ್ಸಾನ್ ಊರಿನ ಬಸ್ ಚಾಲಕ ತಾಕ್ ಹ್ಯುನ್‌ಬೇಯ ಆಟದ ಹೆಸರು.

"ತಮಾಷೆ ಸಾಕು, ಬರ್ತೀಯೋ ಇಲ್ವೋ?"

"ಶುಭ ಬೇಟೆ!"

ಮೂರನೆಯ ಸಲವೂ ಅದೇ ಬಂದಾಗ ತಿಳಿಯಿತು, ತಾನು ಸೊಂಟನೋವು ತೋಡಿಕೊಂಡದ್ದು ಯಂತ್ರದ ಹತ್ತಿರವೆಂದು. ಮೈಯೆಲ್ಲ ಉರಿದುಹೋಯಿತು. ಶನಿವಾರಕ್ಕೆ ಎರಡೇ ದಿನ. ಫೋನ್ ಮಾಡಿದರೆ ದಾಕ್ಷಿಣ್ಯಕ್ಕೆ ಬರುತ್ತಾರೆ. ಅಂಥ ದಾಕ್ಷಿಣ್ಯ ಅವಳಿಗೆ ಬೇಕಿರಲಿಲ್ಲ.

ಆ ಆಟದಲ್ಲಿ ಒಬ್ಬರ ಮೈ ದಾಟಿ ಇನ್ನೊಬ್ಬರು ಹೋಗಲಾಗದು, ಬೇಟೆಕಾಡಿಗೋ ಒಂದೇ ಕಿರುಸೇತುವೆ. ಅಲ್ಲಿ ದಾರಿ ಅಡ್ಡಗಟ್ಟುವುದಕ್ಕಿಂತ ಕೆಟ್ಟ ನಡತೆ ಆಟಗಾರರಲ್ಲಿ ಇನ್ನೊಂದಿಲ್ಲ. ಗುರುವಾರ ಮಧ್ಯಾಹ್ನ, ಗಿರಾಕಿಗಳು ಕಡಿಮೆಯಾದ ಹೊತ್ತು ನೋಡಿ, ಮಲ್‌ಸುನ್ ಆ ಸೇತುವೆಯ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತಳು. ಹಿಂದೆ ಗೊಂಬೆಗಳು ಜಮಾಯಿಸಿ, ನಿಂತಲ್ಲೇ ಕಾಲಾಡಿಸತೊಡಗಿದವು. ಬೇಟೆ ನಿಂತಿತೆಂದು ಒಡೆಯರ ಫೋನುಗಳಿಗೆ ಸುದ್ದಿ ಹೋಗಿ, ಅವರೇ ಆಟದೊಳಗೆ ಬಂದು ಬೈಯತೊಡಗಿದರು.

"ಯಾವಳೇ ಅದು? ದಾರಿ ಬಿಡು!"

"ಏನ್ ತಲೆ ಕೆಟ್ಟಿದ್ಯಾ? ಎದ್ದೇಳು!"

ಮಲ್‌ಸುನ್‌ಗೆ ಹಾಲು ಕುಡಿದಷ್ಟು ಸಂತೋಷ. ಯಂತ್ರಕ್ಕೆ ಹೀಗೆ ಬೈಯಲು ಎಲ್ಲಿ ಬರುತ್ತದೆ?

"ಬೈದಿದ್ದು ಮುಗೀತಾ? ಈಗ ಹೇಳಿ, ಊಟ ಆಯ್ತಾ ಎಲ್ಲರ್ದೂ?" ಎಂದು ಒಂದೇ ಬೆರಳಲ್ಲಿ ಒತ್ತಿದಳು.

ಆಮೇಲೆ ಕಲ್ಲುಕರಡಿ ಬರೆದ: "ಅಕ್ಕಾ, ನಿಜವಾಗ್ಲೂ ನೀವೇನಾ?"

"ಇನ್ಯಾರೋ? ನಿಮ್ಮಜ್ಜೀನಾ?"

"ನೀವೂ ಗುಂಡಿ ಒತ್ತಿ ಹೋಗಿದ್ದೀರಿ ಅಂದ್ಕೊಂಡಿದ್ದೆ ಅಕ್ಕಾ. ಹೋದ ತಿಂಗ್ಳು ನಮ್ಮವ್ವ ತೀರ್ಕೊಂಡ್ರು. ಇಲ್ಲಿ ಕೇಳೋರು ಯಾರಿದಾರೆ ಅಂತ ಹೇಳ್ಲೇ ಇಲ್ಲ."

ಮಲ್‌ಸುನ್ ಏಪ್ರನ್ನಿನಲ್ಲಿ ಕಣ್ಣೊರೆಸಿಕೊಂಡು ಬರೆದಳು: "ಶನಿವಾರ ಬೇಗ ಬಾ. ಚಾಕು ನೀನೇ ತಾ, ನಂದು ಮೊಂಡು."

ಏಳು ಮಂದಿ ಬಂದರು. ಎಲ್ಲರಿಗಿಂತ ಮೊದಲು ಬಂದ ಹ್ಯುನ್‌ಬೇ ಎಲೆಕೋಸು ಸೀಳುತ್ತ ಅವ್ವನ ಕೊನೆಯ ದಿನಗಳನ್ನು ಒಂದೂ ಬಿಡದೆ ಹೇಳಿದ. ನೂರನೆಯ ಎಲೆಕೋಸು ಮುಗಿದರೂ ಮಾತು ಮುಗಿಯದಿದ್ದಾಗ, ಮಲ್‌ಸುನ್ ಪಕ್ಕದ ಅಂಗಡಿಯಿಂದ ಇನ್ನೂ ಹತ್ತು ತರಿಸಿದಳು.